ಕೊಟ್ಟದ್ದೆಷ್ಟು ಎಂದು ಕೇಳಬೇಡಿ, ಬಿಟ್ಟದ್ದೇನು ಎಂದು ಕೇಳಿ

ನಮ್ಮ ಪ್ರಾರ್ಥನಾ ಕೂಟಗಳಲ್ಲಿ, ಹಬ್ಬದ ಸಂಚಿಕೆಗಳಲ್ಲಿ ಶ್ರೀಮಂತ ಪುಣ್ಯಪುರುಷರ ಜೀವನಚರಿತ್ರೆಗಳಿಗೆ ಬರವಿಲ್ಲ. ಅವೆಲ್ಲ ಒಂದೇ ಅಚ್ಚಿನವು. ದೊಡ್ಡ ಮನೆತನದಲ್ಲಿ ಹುಟ್ಟಿದರು, ಬಡವರನ್ನು ಕಂಡು ಮರುಗಿದರು, ಕೈಬಿಚ್ಚಿ ಕೊಟ್ಟರು, ಬಡವರು ಕಣ್ಣೀರಿಟ್ಟು ಹರಸಿದರು. ಇಷ್ಟು ಹೇಳಿ ಕಥೆ ಮುಗಿಸುತ್ತೇವೆ. ಕೇಳಿದ ಕೂಲಿಕಾರನ ಮನಸ್ಸಿನಲ್ಲಿ ಉಳಿಯುವುದು ಒಂದೇ ಆಸೆ: ಇಂಥ ಧಣಿ ನಮ್ಮ ಊರಿಗೂ ಒಬ್ಬ ಬರಬಾರದೇ?

ಈ ಆಸೆಯೇ ದುಡಿಯುವ ಜನರಿಗೆ ಅಂಟಿದ ದೊಡ್ಡ ರೋಗ. ಒಳ್ಳೆಯ ಧಣಿಗಾಗಿ ಕಾಯುವವನು ಕೆಟ್ಟ ಧಣಿಯನ್ನು ಸಹಿಸಲು ಕಲಿಯುತ್ತಾನೆ. ಆದ್ದರಿಂದ ಪುಣ್ಯಪುರುಷರ ಚರಿತ್ರೆ ಓದುವಾಗ ಅವರು ಕೊಟ್ಟದ್ದೆಷ್ಟು ಎಂದು ಎಣಿಸುವುದನ್ನು ನಿಲ್ಲಿಸೋಣ. ತಮ್ಮ ಕೈಯಲ್ಲಿದ್ದ ಅಧಿಕಾರದಲ್ಲಿ ಅವರು ಬಡವರಿಗೆ ಬಿಟ್ಟುಕೊಟ್ಟದ್ದೇನು ಎಂದು ಕೇಳೋಣ. ಈ ಒಂದು ಪ್ರಶ್ನೆಯನ್ನು ಹಿಡಿದು ಇಬ್ಬರು ದೊಡ್ಡವರ ಬದುಕನ್ನು ಪರೀಕ್ಷಿಸಬಹುದು. ಒಬ್ಬರು ಫ್ರಾನ್ಸಿನ ಕಥೋಲಿಕ ಪ್ರಭು, ಕೌಂಟ್ ಆಲ್ಬರ್ಟ್ ದ ಮುನ್. ಇನ್ನೊಬ್ಬರು ನಮ್ಮದೇ ನೆಲದ ಅರಸರು, ಕೊಲ್ಹಾಪುರದ ಶಾಹು ಮಹಾರಾಜರು.

ಸೆರೆಯಲ್ಲಿ ಕಣ್ಣು ತೆರೆದ ಕೌಂಟ್

ಆಲ್ಬರ್ಟ್ ದ ಮುನ್ ಹುಟ್ಟಿದ್ದು 1841ರಲ್ಲಿ, ಪ್ಯಾರಿಸ್ಸಿಗೆ ದೂರವಲ್ಲದ ಲ್ಯುಮಿಞಿ ಎಂಬಲ್ಲಿ, ಹಳೆಯ ಪ್ರಭು ಮನೆತನದಲ್ಲಿ. ಸೈನ್ಯದ ಅಧಿಕಾರಿಯಾಗಿ ಅಲ್ಜೀರಿಯಾದಲ್ಲಿ ಸೇವೆ ಮಾಡಿದರು. 1870ರಲ್ಲಿ ಪ್ರಷ್ಯದೊಡನೆ ನಡೆದ ಯುದ್ಧದಲ್ಲಿ ಫ್ರಾನ್ಸ್ ಸೋತಿತು. ಮೆಟ್ಜ್ ಕೋಟೆಯ ಸೈನ್ಯ ಶರಣಾದಾಗ ದ ಮುನ್ ಕೂಡ ಸೆರೆಯಾಳಾಗಿ ಜರ್ಮನಿಯ ಆಖೆನ್ ಪಟ್ಟಣಕ್ಕೆ ಹೋದರು. ಅಲ್ಲಿ ಅವರ ಜೊತೆಗಿದ್ದವರು ಇನ್ನೊಬ್ಬ ಪ್ರಭು, ರೆನೆ ದ ಲಾ ತೂರ್ ದ್ಯು ಪ್ಯಾಂ. ಆ ದಿನಗಳಲ್ಲಿ ಇಬ್ಬರಿಗೂ ಜರ್ಮನಿಯ ಕಥೋಲಿಕರ ಕಾರ್ಮಿಕ ಚಿಂತನೆಯ ಪರಿಚಯವಾಯಿತು. ಮೈಂಜ್ ನಗರದ ಬಿಷಪ್ ಕೆಟ್ಟೆಲರ್ ಕೂಡ ಪ್ರಭು ಮನೆತನದವರೇ. 1864ರಷ್ಟು ಹಿಂದೆಯೇ ಅವರು ಕಾರ್ಮಿಕ ಸಮಸ್ಯೆಯ ಮೇಲೆ ಪುಸ್ತಕ ಬರೆದಿದ್ದರು. 1869ರಲ್ಲಿ ಕಾರ್ಮಿಕರ ದೊಡ್ಡ ಸಭೆಯಲ್ಲಿ ನಿಂತು ಸಂಘ ಕಟ್ಟುವ ಹಕ್ಕು, ಕೂಲಿ ಏರಿಕೆ, ದುಡಿಮೆಯ ಗಂಟೆಗಳ ಇಳಿಕೆ ನ್ಯಾಯವೆಂದು ಸಾರಿದ್ದರು.

ಸೆರೆಯಿಂದ ಬಿಡುಗಡೆಯಾಗಿ ಬಂದ ದ ಮುನ್ ಅವರಿಗೆ ಪ್ಯಾರಿಸ್ಸಿನಲ್ಲಿ ಕಾದಿದ್ದು ಇನ್ನೂ ಭಯಂಕರ ನೋಟ. 1871ರ ವಸಂತದಲ್ಲಿ ಅಲ್ಲಿಯ ಕಾರ್ಮಿಕರು ಎದ್ದು ನಗರವನ್ನು ತಾವೇ ಆಳಲು ಹೊರಟಿದ್ದರು. ಪ್ಯಾರಿಸ್ ಕಮ್ಯೂನ್ ಎಂದು ಚರಿತ್ರೆಯಲ್ಲಿ ಪ್ರಸಿದ್ಧವಾದ ಆ ಬಂಡಾಯವನ್ನು ಮೇ ತಿಂಗಳ ಕೊನೆಯ ವಾರದಲ್ಲಿ ಸರ್ಕಾರದ ಸೈನ್ಯ ರಕ್ತದಲ್ಲಿ ಮುಳುಗಿಸಿತು. ಸಾವಿರಾರು ಜನ ಸತ್ತರು. ದ ಮುನ್ ಆ ಸೈನ್ಯದಲ್ಲಿಯೇ ಇದ್ದರು. ಬಂಡಾಯವನ್ನು ಅಡಗಿಸಿದವರಲ್ಲಿ ಅವರೂ ಒಬ್ಬರು. ಇದನ್ನು ಮುಚ್ಚಿಟ್ಟು ಅವರ ಚರಿತ್ರೆ ಹೇಳುವುದು ಸುಳ್ಳು ಭಕ್ತಿ. ಸಾಯುತ್ತಿದ್ದ ಒಬ್ಬ ಗಾಯಾಳುವನ್ನು ಹೊತ್ತು ತಂದಾಗ ಸೈನಿಕರು ಅವನನ್ನು ದಂಗೆಕೋರನೆಂದರಂತೆ. ಅವನು ಡೋಲಿಯಿಂದ ತಲೆಯೆತ್ತಿ, ದಂಗೆಕೋರರು ನಾವಲ್ಲ, ನೀವು ಎಂದು ಹೇಳಿ ಪ್ರಾಣಬಿಟ್ಟನಂತೆ. ಇದನ್ನು ದ ಮುನ್ ಅವರೇ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಆ ಮಾತು ಅವರನ್ನು ಬಿಡಲಿಲ್ಲ. ನಮ್ಮ ವರ್ಗಕ್ಕೂ ಈ ಜನಕ್ಕೂ ನಡುವೆ ಇಷ್ಟು ದೊಡ್ಡ ಕಂದಕ ಬಿದ್ದದ್ದು ಹೇಗೆ, ಇದಕ್ಕೆ ನಾವೇನು ಮಾಡಿದೆವು ಎಂದು ಅವರು ತಮ್ಮನ್ನೇ ಕೇಳಿಕೊಂಡರು.

ಅದೇ ವರ್ಷದ ಕೊನೆಯಲ್ಲಿ ಅವರು ಉತ್ತರ ಕೊಡಲು ಹೊರಟರು. ಸಂತ ವಿನ್ಸೆಂಟ್ ದ ಪಾಲರ ಹೆಸರಿನ ಸಹೋದರ ಸಭೆಗೆ ಸೇರಿದ ಮೋರಿಸ್ ಮೇಞೆಂ ಎಂಬವರು ಯುವ ಕಾರ್ಮಿಕರ ಒಂದು ಕೂಟ ನಡೆಸುತ್ತಿದ್ದರು. ಅವರ ಪ್ರೇರಣೆಯಿಂದ 1871ರ ಡಿಸೆಂಬರಿನಲ್ಲಿ ಕಥೋಲಿಕ ಕಾರ್ಮಿಕ ಕೂಟಗಳ ಸಂಸ್ಥೆ ಹುಟ್ಟಿತು. ಮರುವರ್ಷ ಬಂಡಾಯದ ಕೇರಿಯಾಗಿದ್ದ ಬೆಲ್‌ವಿಲ್‌ನಲ್ಲಿಯೇ ಒಂದು ಕೂಟ ತೆರೆಯಿತು. ನಂತರ ಫ್ರಾನ್ಸಿನ ಉದ್ದಗಲಕ್ಕೂ ಕೂಟಗಳು ಹಬ್ಬಿದವು. ದ ಮುನ್ 1875ರಲ್ಲಿ ಸೈನ್ಯದ ಕೆಲಸ ಬಿಟ್ಟರು. 1876ರಲ್ಲಿ ಪಾರ್ಲಿಮೆಂಟಿಗೆ ಆರಿಸಿ ಬಂದರು. ಅಲ್ಲಿ ಅವರು ಸುಮ್ಮನೆ ಕುಳಿತವರಲ್ಲ. ಹೆಂಗಸರು ಮಕ್ಕಳ ದುಡಿಮೆಗೆ ಮಿತಿ ಹಾಕಿದ 1892ರ ಕಾನೂನಿಗೆ ಅವರು ವರ್ಷಗಟ್ಟಲೆ ವಾದಿಸಿದರು. ಕೆಲಸದಲ್ಲಿ ಅಪಘಾತವಾದರೆ ಪರಿಹಾರ, ವಾರಕ್ಕೊಂದು ದಿನ ರಜೆ, ಇವುಗಳಿಗಾಗಿಯೂ ದನಿಯೆತ್ತಿದರು. ಅವರ ಪಕ್ಕದಲ್ಲಿ ಕುಳಿತಿದ್ದ ಬಲಪಂಥದ ಶ್ರೀಮಂತರೇ ಅವರನ್ನು ಸಮಾಜವಾದಿ ಎಂದು ಜರಿದರು. 1914ರಲ್ಲಿ ಸಾಯುವವರೆಗೂ ಅವರು ಸಾರ್ವಜನಿಕ ಜೀವನದಲ್ಲಿದ್ದರು.

ಇಷ್ಟನ್ನು ಓದಿದ ಯಾರೇ ಆದರೂ ಕೈಮುಗಿಯಬೇಕು. ದಾನ ಸಾಲದು, ಕಾನೂನು ಬೇಕು ಎಂದು ತಿಳಿದ ಶ್ರೀಮಂತರು ಎಲ್ಲ ಕಾಲದಲ್ಲೂ ವಿರಳ. ಆದರೆ ನಮ್ಮ ಪ್ರಶ್ನೆಯನ್ನು ಮರೆಯಬಾರದು. ಅವರು ಬಿಟ್ಟುಕೊಟ್ಟದ್ದೇನು?

ಅಧ್ಯಕ್ಷರ ಕುರ್ಚಿ ಯಾರದು?

ಆ ಕೂಟಗಳ ಕಟ್ಟಳೆಯನ್ನು ನೋಡಿದರೆ ಉತ್ತರ ಸಿಗುತ್ತದೆ. ಪ್ರತಿ ಕೂಟಕ್ಕೂ ಕಾರ್ಮಿಕರ ಒಂದು ಒಳಮಂಡಳಿ ಇತ್ತು, ನಿಜ. ಆದರೆ ಅದರ ಮೇಲೆ ಊರಿನ ಗಣ್ಯರ ಸಮಿತಿ. ನಿರ್ದೇಶಕನಾಗಿ ಒಬ್ಬ ದೊಡ್ಡ ಮನುಷ್ಯ. ಅನೇಕ ಕಡೆ ಮಾಜಿ ಸೈನ್ಯಾಧಿಕಾರಿ. ಆಳುವ ವರ್ಗವು ದುಡಿಯುವ ವರ್ಗಕ್ಕೆ ತನ್ನನ್ನು ಮುಡಿಪಾಗಿಡಬೇಕು ಎಂಬುದೇ ಸಂಸ್ಥೆಯ ಧ್ಯೇಯ. ಕೇಳಲು ಇಂಪಾದ ಮಾತು. ಆದರೆ ಒಳಗಿನ ಅರ್ಥವನ್ನು ಬಿಡಿಸಿ ನೋಡಿ: ಆಳುವವರು ಆಳುವವರಾಗಿಯೇ ಇರುತ್ತಾರೆ, ಪ್ರೀತಿಯಿಂದ ಆಳುತ್ತಾರೆ, ಅಷ್ಟೇ.

1884ರಲ್ಲಿ ಫ್ರಾನ್ಸಿನ ಪಾರ್ಲಿಮೆಂಟು ಕಾರ್ಮಿಕ ಸಂಘಗಳಿಗೆ ಮಾನ್ಯತೆ ಕೊಡುವ ಕಾನೂನನ್ನು ತಂದಾಗ ದ ಮುನ್ ಕೇಳಿದ್ದು ಮಾಲೀಕರೂ ಕಾರ್ಮಿಕರೂ ಒಟ್ಟಿಗೆ ಕೂಡುವ ಮಿಶ್ರ ಸಂಘಗಳನ್ನು. ಒಂದೇ ಮೇಜಿನ ಸುತ್ತ ಧಣಿಯೂ ಆಳೂ ಕುಳಿತರೆ ಜಗಳ ತೀರುತ್ತದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಆದರೆ ಮಾತಾಡಿದರೆ ನಾಳೆ ಕೆಲಸ ಹೋಗುತ್ತದೆ ಎಂದು ಗೊತ್ತಿರುವವನು ಆ ಮೇಜಿನ ಮುಂದೆ ಏನು ಮಾತಾಡಿಯಾನು? ಕೂಟಗಳಿಗೆ ಕಾರ್ಮಿಕರು ಬಂದರು, ಆಟವಾಡಿದರು, ಪ್ರಾರ್ಥನೆ ಮಾಡಿದರು, ಉಪನ್ಯಾಸ ಕೇಳಿದರು. ಆದರೆ ಕೂಲಿಯ ಜಗಳ ಬಂದಾಗ ಬೇರೆ ಕಡೆಗೆ ನಡೆದರು. ಫ್ರಾನ್ಸಿನ ಕಾರ್ಮಿಕ ಚಳವಳಿ ಕೌಂಟರ ಕೂಟಗಳ ಹೊರಗೇ ಬೆಳೆಯಿತು. ಇದಕ್ಕೆ ನಾಸ್ತಿಕರ ಪ್ರಚಾರವೇ ಕಾರಣವೆಂದು ನಮ್ಮವರು ಬಹುಕಾಲ ಹೇಳಿಕೊಂಡು ಬಂದರು. ಹಾಗಲ್ಲ. ಅಧ್ಯಕ್ಷನ ಕುರ್ಚಿಯನ್ನು ಕಾರ್ಮಿಕನಿಗೆ ಬಿಟ್ಟುಕೊಡದ ಸಂಸ್ಥೆಯನ್ನು ಕಾರ್ಮಿಕನು ತನ್ನದೆಂದು ತಿಳಿಯುವುದಿಲ್ಲ.

ಇದನ್ನು ಅದೇ ಕಾಲದ ಇನ್ನೊಬ್ಬ ಕಥೋಲಿಕರು ಕಂಡುಕೊಂಡರು. ಲೆಯೋಂ ಅರ್ಮೆಲ್ ಅವರು ಪ್ರಭುವಲ್ಲ, ರ್‍ಯಾನ್ಸ್ ನಗರದ ಬಳಿ ಉಣ್ಣೆ ನೂಲುವ ಗಿರಣಿಯ ಮಾಲೀಕರು. ದ ಮುನ್ ಅವರ ಗೆಳೆಯರೇ. ಅವರ ಗಿರಣಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿದ್ದ ಕಾರ್ಖಾನೆ ಮಂಡಳಿ ಬಂತು. ಕೂಲಿ, ಶಿಸ್ತು, ಅಪಘಾತ, ಕೆಲಸದ ಕ್ರಮ, ಇವು ಅಲ್ಲಿ ಚರ್ಚೆಗೆ ಬಂದವು. ಕಾರ್ಮಿಕನನ್ನು ಬಿಟ್ಟು ಕಾರ್ಮಿಕನ ಹಿತ ಮಾಡಲಾಗದು ಎಂಬುದು ಅವರ ನಿಲುವು. 1887 ಮತ್ತು 1889ರಲ್ಲಿ ಅವರು ಕಾರ್ಮಿಕರ ದೊಡ್ಡ ಯಾತ್ರೆಗಳನ್ನು ರೋಮಿಗೆ ಕರೆದೊಯ್ದು ಹದಿಮೂರನೇ ಲಿಯೋ ಪೋಪರ ಮುಂದೆ ನಿಲ್ಲಿಸಿದರು. 1891ರ ಮೇ 15ರಂದು ಆ ಪೋಪರು ಕಾರ್ಮಿಕರ ಸ್ಥಿತಿಯ ಬಗ್ಗೆ ತಮ್ಮ ಪ್ರಸಿದ್ಧ ವಿಶ್ವಪತ್ರ ಹೊರಡಿಸಿದಾಗ ಮಾಲೀಕರೊಡನೆ ಕೂಡಿದ ಸಂಘವನ್ನು ಮಾತ್ರವಲ್ಲ, ಕಾರ್ಮಿಕರೇ ಪ್ರತ್ಯೇಕವಾಗಿ ಕಟ್ಟಿಕೊಳ್ಳುವ ಸಂಘವನ್ನೂ ಒಪ್ಪಿದರು. ಸಂಘ ಕಟ್ಟುವುದು ಕ್ರೈಸ್ತನಿಗೆ ತಕ್ಕದ್ದಲ್ಲ ಎಂದು ಇಂದಿಗೂ ಪಿಸುಗುಡುವ ಹಿರಿಯರು ಈ ಮಾತನ್ನು ಗಮನಿಸಲಿ.

ಕೊಲ್ಹಾಪುರದ ದೊರೆ

ಈಗ ನಮ್ಮ ನೆಲಕ್ಕೆ ಬರೋಣ. ದ ಮುನ್ ಪ್ಯಾರಿಸ್ಸಿನಲ್ಲಿ ವಾದಿಸುತ್ತಿದ್ದ ಕಾಲದಲ್ಲಿಯೇ, 1894ರ ಏಪ್ರಿಲ್ 2ರಂದು, ಇಪ್ಪತ್ತು ವರ್ಷವೂ ತುಂಬದ ತರುಣರೊಬ್ಬರು ಕೊಲ್ಹಾಪುರದ ಗಾದಿಯೇರಿದರು. ಕಾಗಲ್ ಮನೆತನದಲ್ಲಿ 1874ರಲ್ಲಿ ಹುಟ್ಟಿ, ಹತ್ತನೆಯ ವರ್ಷದಲ್ಲಿ ದತ್ತು ಬಂದು, ರಾಜಕೋಟೆಯಲ್ಲಿಯೂ ಆಮೇಲೆ ನಮ್ಮ ಧಾರವಾಡದಲ್ಲಿಯೂ ವಿದ್ಯೆ ಕಲಿತವರು. ಅವರೇ ಶಾಹು ಮಹಾರಾಜರು. ಅವರು ಕಥೋಲಿಕರಲ್ಲ, ಕ್ರೈಸ್ತರೂ ಅಲ್ಲ. ಅವರನ್ನು ನಮ್ಮವರೆಂದು ಎಳೆದುಕೊಳ್ಳುವ ಅಗತ್ಯವೂ ಇಲ್ಲ. ಅವರಿಂದ ಕಲಿತರೆ ಸಾಕು.

ಶಾಹು ಮಹಾರಾಜರೂ ಕೊಟ್ಟವರೇ. ಬರ ಮತ್ತು ಪ್ಲೇಗಿನ ವರ್ಷಗಳಲ್ಲಿ ಹಸಿದವರಿಗೆ ಅಗ್ಗದ ಧಾನ್ಯ ಸಿಗುವಂತೆ ಮಾಡಿದರು. 1901ರಿಂದ ಮೊದಲ್ಗೊಂಡು ಮರಾಠ, ಜೈನ, ಲಿಂಗಾಯತ, ಮುಸಲ್ಮಾನ, ಅಸ್ಪೃಶ್ಯ ಹೀಗೆ ಒಂದೊಂದು ಸಮುದಾಯದ ಬಡ ಹುಡುಗರಿಗೆ ವಸತಿಗೃಹಗಳು ಎದ್ದವು. ನಮ್ಮ ಕ್ರೈಸ್ತ ಹುಡುಗರಿಗೂ ಒಂದು ಸಿಕ್ಕಿತು. ಅವರು ಇಲ್ಲಿಗೇ ನಿಂತಿದ್ದರೆ ಕೊಡುಗೈ ದೊರೆಯೆಂಬ ಹೆಸರಿನಲ್ಲಿ ಮರೆತುಹೋಗುತ್ತಿದ್ದರು. ಏಕೆಂದರೆ ವಸತಿಗೃಹದಲ್ಲಿ ಉಂಡು ಓದಿದ ರೈತನ ಮಗ ಮರುದಿನ ಕಚೇರಿಯ ಬಾಗಿಲಿಗೆ ಹೋದರೆ ಒಳಗಿನ ಕುರ್ಚಿಗಳೆಲ್ಲ ಮೊದಲೇ ತುಂಬಿದ್ದವು.

1902ರ ಜುಲೈ 26ರಂದು ಹೊರಟ ಆಜ್ಞೆ ಕೈಹಾಕಿದ್ದು ಆ ಕುರ್ಚಿಗೇ. ಸಂಸ್ಥಾನದ ನೌಕರಿಯಲ್ಲಿ ಮುಂದೆ ತೆರವಾಗುವ ಸ್ಥಾನಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದ ವರ್ಗಗಳಿಗೆ ಕೊಡಬೇಕು. ಹಿಂದುಳಿದವರ ಪ್ರಮಾಣ ಅರ್ಧಕ್ಕಿಂತ ಕಡಿಮೆ ಇರುವ ಕಚೇರಿಯಲ್ಲಿ ಮುಂದಿನ ನೇಮಕ ಅವರಿಗೇ ಆಗಬೇಕು. ಕಚೇರಿಯ ಮುಖ್ಯಸ್ಥರು ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಕೊನೆಯ ಷರತ್ತನ್ನು ಗಮನಿಸಿ. ದಯೆಯುಳ್ಳವನು ಭಾಷಣ ಮಾಡುತ್ತಾನೆ. ಮನಸ್ಸು ಮಾಡಿದವನು ಲೆಕ್ಕ ಕೇಳುತ್ತಾನೆ.

ಆಮೇಲಿನದೂ ಅದೇ ದಾರಿ. 1917ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಯಿತು; ಮಕ್ಕಳನ್ನು ಕಳಿಸದ ತಂದೆತಾಯಿಗಳಿಗೆ ದಂಡ. 1919ರಲ್ಲಿ ಅಸ್ಪೃಶ್ಯರ ಮಕ್ಕಳಿಗಾಗಿದ್ದ ಬೇರೆ ಶಾಲೆಗಳನ್ನು ಮುಚ್ಚಿ ಎಲ್ಲರಿಗೂ ಒಂದೇ ಶಾಲೆ ಎಂದರು. ಮಹಾರರ ವತನಿನ ಗುಲಾಮಗಿರಿ ಮತ್ತು ಬಿಟ್ಟಿ ಚಾಕರಿಯನ್ನು ಆಜ್ಞೆಗಳಿಂದ ಮುರಿದರು. ಮೇಲ್ಜಾತಿಯವರ ನೀರು ಮುಟ್ಟಿದನೆಂದು ಹೊಡೆತ ತಿಂದ ಗಂಗಾರಾಮ ಕಾಂಬಳೆ ಎಂಬ ಅರಮನೆಯ ಸೇವಕರು ಪೇಟೆಯಲ್ಲಿ ಚಹದಂಗಡಿ ತೆರೆದಾಗ ಮಹಾರಾಜರೇ ಎಲ್ಲರೆದುರಿಗೆ ಅಲ್ಲಿ ಚಹ ಕುಡಿದರು. ಒಂದು ಚಹದಂಗಡಿಯಲ್ಲಿ ಗಿರಾಕಿಯಾಗಿ ನಿಲ್ಲುವುದು ದೊರೆಗೆ ಸುಲಭದ ಮಾತಲ್ಲ. ದಾನ ಕೊಡುವಾಗ ಕೈ ಮೇಲಿರುತ್ತದೆ. ಚಹದ ಲೋಟ ತೆಗೆದುಕೊಳ್ಳುವಾಗ ಕೈ ಕೆಳಗೆ ಬರುತ್ತದೆ.

ಎಲ್ಲಕ್ಕೂ ಮಿಗಿಲಾದದ್ದು 1920ರ ಮಾರ್ಚ್ 21 ಮತ್ತು 22ರಂದು ನಡೆಯಿತು. ಇಚಲಕರಂಜಿಗೆ ಹತ್ತಿರದ ಮಾಣಗಾವದಲ್ಲಿ ಅಸ್ಪೃಶ್ಯರ ಪರಿಷತ್ತು ಸೇರಿತ್ತು. ಅಧ್ಯಕ್ಷರು 28 ವರ್ಷದ ಭೀಮರಾವ್ ಅಂಬೇಡ್ಕರರು. ಅಲ್ಲಿಗೆ ಬಂದ ಶಾಹು ಮಹಾರಾಜರು ಆ ಕುರ್ಚಿಯನ್ನು ತಮಗೆ ಬೇಕೆನ್ನಲಿಲ್ಲ. ನಿಮ್ಮವರಲ್ಲಿಯೇ ನಿಮಗೆ ನಾಯಕ ಸಿಕ್ಕಿದ್ದಾನೆ, ಅವನನ್ನು ಅನುಸರಿಸಿರಿ ಎಂಬ ಅರ್ಥದ ಮಾತು ಹೇಳಿದರು. ಎರಡು ವರ್ಷಗಳ ನಂತರ, 1922ರ ಮೇ 6ರಂದು, ಅವರು ತೀರಿಕೊಂಡರು. ಪ್ಯಾರಿಸ್ಸಿನ ಕೌಂಟರ ಕೈಯಲ್ಲಿ ಆಗದೆಹೋದ ಕೆಲಸ ಮಾಣಗಾವದಲ್ಲಿ ಆಯಿತು. ಬಡವರ ಸಭೆಗೆ ಬಂದ ದೊಡ್ಡವರು ಅಧ್ಯಕ್ಷತೆಯನ್ನು ಬಡವರಿಗೇ ಬಿಟ್ಟರು.

ಆದರೂ ಅರಸರು ಅರಸರೇ ಎಂಬುದನ್ನು ಮರೆಯಬಾರದು. ಆಜ್ಞೆಗಳೆಲ್ಲ ಹೊರಟದ್ದು ಹುಜೂರ್ ಕಚೇರಿಯಿಂದ. ಒಬ್ಬ ಅರಸ ಬರೆದದ್ದನ್ನು ಇನ್ನೊಬ್ಬ ಅಳಿಸಬಹುದಿತ್ತು. ಮೀಸಲಾತಿ ಯಾವ ದೊರೆಯ ಮರ್ಜಿಗೂ ಕಾಯದ ಹಕ್ಕಾದದ್ದು 1950ರ ಸಂವಿಧಾನದಿಂದ. ಅದರ ಕರಡು ಸಮಿತಿಯ ಅಧ್ಯಕ್ಷರೂ ಮಾಣಗಾವದ ಅಧ್ಯಕ್ಷರೂ ಒಬ್ಬರೇ ಎಂಬುದು ಆಕಸ್ಮಿಕವಲ್ಲ.

ಇಚಲಕರಂಜಿಯ ಮಗ್ಗದ ಮುಂದೆ

ಇದೆಲ್ಲ ಹಳೆಯ ಚರಿತ್ರೆ, ನಮಗೇನು ಎಂದು ಕೇಳುವವರು ಇಚಲಕರಂಜಿಯನ್ನು ನೋಡಲಿ. ಅಲ್ಲಿಗೂ ಒಬ್ಬ ಒಳ್ಳೆಯ ಧಣಿ ಇದ್ದರು. ಜಹಗೀರುದಾರ ನಾರಾಯಣರಾವ್ ಘೋರ್ಪಡೆಯವರ ಪ್ರೋತ್ಸಾಹದಿಂದ 1904ರಲ್ಲಿ ವಿಠ್ಠಲರಾವ್ ದಾತಾರರು ಆ ಊರಿನ ಮೊದಲನೆಯ ವಿದ್ಯುತ್ ಮಗ್ಗ ಹೂಡಿದರು. ಇಂದು ಆ ಊರು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿಕೊಂಡಿದೆ. ಜಹಗೀರುದಾರರ ಉಪಕಾರ ದೊಡ್ಡದೇ. ಆದರೆ ಅದರಿಂದ ಊರಿಗೆ ಮಗ್ಗ ಬಂತು. ಮಗ್ಗ ನಡೆಸುವವನಿಗೆ ಹಕ್ಕು ಬರಲಿಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಹೋದ ನಮ್ಮ ಕನ್ನಡದ ಜನರೂ ಉತ್ತರಪ್ರದೇಶ, ಬಿಹಾರ, ಒಡಿಶಾದಿಂದ ಬಂದವರೂ ಅಲ್ಲಿ ಒಂದೇ ಸದ್ದಿನಲ್ಲಿ ದುಡಿಯುತ್ತಾರೆ. ಹನ್ನೆರಡು ಗಂಟೆಯ ಪಾಳಿ ಅಲ್ಲಿ ಅಪರೂಪವಲ್ಲ. ಕೂಲಿ ದಿನದ ಲೆಕ್ಕದಲ್ಲಿಲ್ಲ, ನೇಯ್ದ ಬಟ್ಟೆಯ ಮೀಟರಿನ ಮೇಲೆ, ಅದರೊಳಗಿನ ಪಿಕ್ಕಿನ ಮೇಲೆ, ಅಂದರೆ ಅಡ್ಡ ನೂಲಿನ ಎಣಿಕೆಯ ಮೇಲೆ. ಕರೆಂಟು ಹೋದರೆ, ಬೀಮ್ ಬರುವುದು ತಡವಾದರೆ, ಜಾಬರ್ ಬಂದು ರಿಪೇರಿ ಮಾಡುವವರೆಗೆ ಮಗ್ಗ ನಿಂತರೆ, ಆ ಹೊತ್ತಿನ ನಷ್ಟವೆಲ್ಲ ಕಾರ್ಮಿಕನ ತಲೆಯ ಮೇಲೆ. ಕಂಡಿಕೆ ಸುತ್ತುವ ಹೆಂಗಸಿನ ಕೂಲಿ ಇದಕ್ಕಿಂತಲೂ ಕಡಿಮೆ. ಮಗ್ಗಗಳನ್ನು ಹೆಂಡತಿ, ಮಗ, ತಮ್ಮನ ಹೆಸರುಗಳಿಗೆ ಹಂಚಿ, ಕಾನೂನು ಹೇಳುವ ಸಂಖ್ಯೆಗಿಂತ ಕಡಿಮೆ ಆಳುಗಳನ್ನು ತೋರಿಸಿ, ಪ್ರಾವಿಡೆಂಟ್ ಫಂಡ್ ಮತ್ತು ಇ.ಎಸ್.ಐ. ತಪ್ಪಿಸುವುದು ವಿದ್ಯುತ್ ಮಗ್ಗದ ಉದ್ಯಮದಲ್ಲಿ ಹಳೆಯ ವಿದ್ಯೆ. ಗಡಹಿಂಗ್ಲಜದ ಕಡೆಗೆ ಹೋದರೆ ಕಬ್ಬಿನ ಗದ್ದೆಯಲ್ಲಿ ಇದೇ ಕಥೆಗೆ ಬೇರೆ ಹೆಸರು. ಹಂಗಾಮಿಗೆ ಮೊದಲೇ ಮುಕಾದಮನಿಂದ ಪಡೆದ ಉಚಲ್ ಹಣ ಉಪಕಾರದಂತೆ ಬರುತ್ತದೆ, ಸರಪಳಿಯಂತೆ ಉಳಿಯುತ್ತದೆ.

ಇಂಥವರಿಗೆ ದೀಪಾವಳಿಗೆ ಒಂದು ಸೀರೆ, ಕ್ರಿಸ್ಮಸ್ಸಿಗೆ ಒಂದು ಕಂಬಳಿ ಹಂಚಿ ಫೋಟೋ ತೆಗೆಸಿಕೊಳ್ಳುವ ದಾನಿಗಳನ್ನು ನಾವು ವೇದಿಕೆಗೆ ಕರೆಯುತ್ತೇವೆ, ಹಾರ ಹಾಕುತ್ತೇವೆ. ಕಂಬಳಿ ಪಡೆದವನು ಕೆಳಗೆ ನೆಲದ ಮೇಲೆ ಕುಳಿತಿರುತ್ತಾನೆ. ಕಂಬಳಿಯ ಬೆಲೆ ಅವನ ಬಾಕಿ ಕೂಲಿಯ ಎಷ್ಟನೆಯ ಭಾಗ ಎಂದು ಆ ಸಭೆಯಲ್ಲಿ ಯಾರೂ ಕೇಳುವುದಿಲ್ಲ. 2013ರ ಆರಂಭದಲ್ಲಿ ಇಚಲಕರಂಜಿಯ ಸಾವಿರಾರು ಮಗ್ಗ ಕಾರ್ಮಿಕರು ವಾರಗಟ್ಟಲೆ ಮುಷ್ಕರ ಹೂಡಿ ಮಜೂರಿ ಏರಿಸಿಕೊಂಡರು. ಆ ಏರಿಕೆಯನ್ನು ಯಾವ ದಾನಿಯೂ ಕೊಡಲಿಲ್ಲ. ಮನೆಯಲ್ಲಿ ಒಲೆ ಹೊತ್ತಿಸದೆ ಅವರೇ ಗಳಿಸಿದರು.

ಆಕ್ಷೇಪಣೆಗಳಿಗೆ ಉತ್ತರ

ಹಸಿದವನಿಗೆ ಇಂದೇ ಅನ್ನ ಬೇಕು, ಕಾನೂನು ಬರುವವರೆಗೆ ಅವನು ಕಾಯಲಾರ ಎನ್ನುತ್ತಾರೆ. ನಿಜ. ಕೊಡಿ, ಇಂದೇ ಕೊಡಿ. ಆದರೆ ಗಾಯಗೊಂಡವನನ್ನು ಛತ್ರಕ್ಕೆ ಸೇರಿಸಿದ ಸಮಾರ್ಯದವನ ಹೆಸರು ಸುವಾರ್ತೆಯಲ್ಲಿಲ್ಲ ಎಂಬುದನ್ನು ನೆನಪಿಡಿ. ನಿಮ್ಮ ಹೆಸರೂ ಬೇಡ. ಕೊಟ್ಟದ್ದನ್ನು ಕೂಲಿಯ ಲೆಕ್ಕಕ್ಕೆ ಹಿಡಿಯುವುದಂತೂ ಬೇಡವೇ ಬೇಡ. ಬಾಕಿಯಿಟ್ಟವನು ದಾನಿಯಾಗಲಾರ.

ಮಗ್ಗದ ಮಾಲೀಕನೂ ಕಷ್ಟದಲ್ಲಿದ್ದಾನೆ ಎನ್ನುತ್ತಾರೆ. ಇದೂ ಬಹುಮಟ್ಟಿಗೆ ನಿಜ. ನೂಲು ವ್ಯಾಪಾರಿಯದು, ಬಟ್ಟೆಯೂ ವ್ಯಾಪಾರಿಯದು. ನಾಲ್ಕಾರು ಮಗ್ಗದ ಮಾಲೀಕ ಬರಿಯ ಮಜೂರಿಗೆ ನೇಯ್ದು ಕೊಡುವವನು. ಆದರೆ ಮೇಲಿನವನು ಹಿಂಡಿದ್ದನ್ನು ಅವನು ಕೆಳಗಿನವನಿಂದ ತುಂಬಿಸಿಕೊಳ್ಳುತ್ತಾನೆ. ವ್ಯಾಪಾರಿಯ ಮುಂದೆ ಇಬ್ಬರೂ ಒಟ್ಟಿಗೆ ನಿಲ್ಲುವ ದಿನ ಬರಲಿ. ಅದಕ್ಕೆ ಮೊದಲು ಕಾರ್ಮಿಕ ತನ್ನ ಸಂಘದಲ್ಲಿ ತಾನು ನಿಂತಿರಬೇಕು. ಇಲ್ಲದಿದ್ದರೆ ಕೌಂಟರ ಮಿಶ್ರ ಸಂಘವೇ ಮತ್ತೆ ಬರುತ್ತದೆ.

ಸಂಘದ ನಾಯಕರೂ ಧಣಿಗಳಾಗುತ್ತಾರಲ್ಲ ಎಂದು ಕೇಳುವವರೂ ಇದ್ದಾರೆ. ಹೌದು, ಆಗುತ್ತಾರೆ. ಇಪ್ಪತ್ತು ವರ್ಷ ಕುರ್ಚಿ ಬಿಡದ, ಲೆಕ್ಕ ಓದಿ ಹೇಳದ ಅಧ್ಯಕ್ಷನೂ ಒಬ್ಬ ಕೌಂಟನೇ. ಅವನಿಗೆ ಕೋಟೆ ಇಲ್ಲ, ಅಷ್ಟೇ ವ್ಯತ್ಯಾಸ. ಕೊಟ್ಟದ್ದೆಷ್ಟು, ಬಿಟ್ಟದ್ದೇನು ಎಂಬ ಪ್ರಶ್ನೆಯನ್ನು ಅವನಿಗೂ ಕೇಳಬೇಕು.

ಮೊದಲು ನಮ್ಮ ಮನೆ

ಬಂಧುಗಳೇ, ಬೇರೆಯವರ ಮನೆಗೆ ಬೆರಳು ತೋರಿಸುವ ಮೊದಲು ನಮ್ಮ ಮನೆಯ ಬಾಗಿಲು ತೆರೆದು ನೋಡೋಣ. ನಮ್ಮ ದೇವಾಲಯಗಳ ಆವರಣ ಗುಡಿಸುವವರಿಗೆ, ಶಾಲೆಗಳ ಆಯಾಗಳಿಗೆ, ವಸತಿಗೃಹಗಳ ಅಡಿಗೆಯವರಿಗೆ, ಆಸ್ಪತ್ರೆಗಳ ರಾತ್ರಿ ಕಾವಲುಗಾರರಿಗೆ ಸರ್ಕಾರ ನಿಗದಿಮಾಡಿದ ಕನಿಷ್ಠ ಕೂಲಿ ಸಿಗುತ್ತಿದೆಯೇ? ಕೈಗೆ ವೇತನದ ಚೀಟಿ ಬರುತ್ತಿದೆಯೇ? ಭವಿಷ್ಯನಿಧಿ ಕಟ್ಟುತ್ತಿದ್ದೇವೆಯೇ? ಅಥವಾ ದೇವರ ಸೇವೆ ಎಂಬ ಮಾತಿನಿಂದ ಅರ್ಧ ಕೂಲಿಯನ್ನು ನುಂಗುತ್ತಿದ್ದೇವೆಯೇ? ನಮ್ಮ ಆಡಳಿತ ಸಮಿತಿಗಳಲ್ಲಿ ವಕೀಲರಿದ್ದಾರೆ, ಡಾಕ್ಟರರಿದ್ದಾರೆ, ಗುತ್ತಿಗೆದಾರರಿದ್ದಾರೆ. ದಿನಗೂಲಿಯವರು ಎಷ್ಟು ಜನ?

ಪ್ರತಿ ಊರಿನ ನಮ್ಮ ಬಳಗ ಮೂರು ಕೆಲಸ ಮಾಡಲಿ. ಮುಂದಿನ ಸಭೆಯ ಅಧ್ಯಕ್ಷತೆಯನ್ನು ಕೈಯಿಂದ ದುಡಿಯುವವರೊಬ್ಬರಿಗೆ ಬಿಟ್ಟುಕೊಡಲಿ. ಅವರು ಭಾಷಣ ಮಾಡಲಾರರೆಂದು ನೆಪ ಹೇಳಬಾರದು, ಮಾಣಗಾವದಲ್ಲಿ ಆ ನೆಪ ನಡೆಯಲಿಲ್ಲ. ನಮ್ಮ ಸಂಸ್ಥೆಗಳ ಕೂಲಿಯ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಎಲ್ಲರೆದುರಿಗೆ ಓದಿಸಲಿ. 1902ರಲ್ಲಿ ಒಬ್ಬ ಅರಸರು ತಮ್ಮ ಅಧಿಕಾರಿಗಳಿಂದ ಕೇಳಿದ್ದನ್ನು ನಾವು ನಮ್ಮ ಹಿರಿಯರಿಂದ ಕೇಳಲಾರೆವೇ? ಮಗ್ಗದಲ್ಲಿಯೋ ಗದ್ದೆಯಲ್ಲಿಯೋ ಕೂಲಿಯ ಜಗಳ ಎದ್ದಾಗ ನಾವು ಮಧ್ಯಸ್ಥಗಾರರ ಸೋಗು ಹಾಕದೆ ಕಾರ್ಮಿಕರ ಸಂಘದ ಪಕ್ಕದಲ್ಲಿ ಕುಳಿತುಕೊಳ್ಳಲಿ.

ಆಲ್ಬರ್ಟ್ ದ ಮುನ್ ಒಳ್ಳೆಯವರು. ಅವರಿಗಿಂತ ಒಳ್ಳೆಯ ಶ್ರೀಮಂತರಿಗಾಗಿ ಕಾಯುವುದು ವ್ಯರ್ಥ, ಏಕೆಂದರೆ ಅಷ್ಟು ಒಳ್ಳೆಯವರಿಗೇ ಕುರ್ಚಿ ಬಿಡುವುದು ಸಾಧ್ಯವಾಗಲಿಲ್ಲ. ದುಡಿಯುವವರು ಆ ಕುರ್ಚಿಯ ಮೇಲೆ ಕೂರಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.